ಪ್ರಭಾರ ಮಗು

ಹತ್ತೂವರೆಗೆ ಸರಿಯಾಗಿ ಅಪ್ಪನಾಗಬೇಕಾಗಿದ್ದವನು ಹತ್ತು ಇಪ್ಪತ್ತೈದಾದರೂ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದುಕೊಂಡೇ ನಿಂತಿದ್ದ. ಏದುಸಿರಿಗೆ ನಿಂತದ್ದಲ್ಲ, ಮೇಲೆ ಹೋದರೆ ಶುರುವಾಗಿಬಿಡುತ್ತದಲ್ಲ ಎಂಬ ಅಳುಕಿಗೆ. ಇಪ್ಪತ್ತೆರಡು ವರ್ಷ ನಗರಸಭೆಯ ಯೋಜನಾ ವಿಭಾಗದಲ್ಲಿ ನಕ್ಷೆಗಾರನಾಗಿ ಗೋಡೆ, ಕಿಟಕಿ, ಚರಂಡಿ ಎಂದು ಗೆರೆ ಎಳೆದುಕೊಂಡು ಯಾರ ತಂಟೆಗೂ ಹೋಗದೆ ಇದ್ದ ಮನುಷ್ಯ. ಮೂರು ವಾರದ ಹಿಂದೆ ಒಂದು ಆದೇಶ ಬಂದು, ಸದರಿ ನೌಕರರನ್ನು ಮುಂದಿನ ಆದೇಶದವರೆಗೆ ಅಪ್ಪನ ಹುದ್ದೆಗೆ ನಿಯೋಜಿಸಲಾಗಿದೆ ಎಂದಿತ್ತು. ‘ಮುಂದಿನ ಆದೇಶದವರೆಗೆ’ ಎಂಬುದನ್ನು ಅವನು ಎರಡೆರಡು ಸಲ ಓದಿಕೊಂಡಿದ್ದ. ಮನೆಯಲ್ಲಿ ಹನ್ನೊಂದು ವರ್ಷದಿಂದ ಅಪ್ಪನಾಗಿರುವುದಕ್ಕೆ ಇಂಥ ಕಾಗದ ಯಾರೂ ಕೊಟ್ಟಿರಲಿಲ್ಲ, ಅದಕ್ಕೇ ಇರಬೇಕು ಅಲ್ಲಿ ತನ್ನ ಕೆಲಸ ಇಷ್ಟು ಅಧ್ವಾನವಾಗಿರುವುದು ಎಂದುಕೊಂಡು, ಕಂಬಿ ಬಿಟ್ಟು ಒಂದು ಮೆಟ್ಟಿಲು ಹತ್ತಿ, ಮತ್ತೆ ನಿಂತ.

ಇದಕ್ಕೆಲ್ಲ ಮೂಲ ಸಭೆಯಲ್ಲಿ ಯಾರೋ ಒಬ್ಬ ಸದಸ್ಯರು ಕೇಳಿದ ನ್ಯಾಯವಾದ ಪ್ರಶ್ನೆ. ಹಳೇ ಬಸ್ ಡಿಪೋ ಜಾಗದಲ್ಲಿ ಮಕ್ಕಳೊಂದಿಗರು ನೆಮ್ಮದಿಯಾಗಿ ಇರಬಹುದಾದ ಎಂಟು ಮಹಡಿಯ ಮನೆಗಳನ್ನು ಕಟ್ಟಿಸುವುದೆಂದು ನಗರಸಭೆ ತೀರ್ಮಾನಿಸಿ, ಕಡತಕ್ಕೆ ‘ಕುಟುಂಬಸ್ನೇಹಿ ವಸತಿ’ ಎಂದು ಹೆಸರಿಟ್ಟು, ಅಡುಗೆಮನೆಯ ಕಿಟಕಿಯಿಂದ ಆಟದ ಬಯಲು ಕಾಣಬೇಕು, ಮೆಟ್ಟಿಲ ಕಂಬಿಗಳ ನಡುವೆ ಮಗುವಿನ ತಲೆ ತೂರಬಾರದು, ಸೈಕಲ್ಲಿಗೆ ಜಾಗ ಬೇಕು ಎಂದೆಲ್ಲ ನಿಯಮ ಬರೆಯತೊಡಗಿದಾಗ ಆ ಸದಸ್ಯರು ಎದ್ದು, "ಅಲ್ರೀ, ಕುಟುಂಬ ಕುಟುಂಬ ಅಂತೀರಲ್ಲ, ಯಾವ ಕುಟುಂಬನ ಕೇಳಿದ್ದೀರಿ?" ಎಂದರು. ನಿಜವಾದ ಕುಟುಂಬಗಳನ್ನು ಕೇಳಬಹುದಿತ್ತು. ಆದರೆ ಒಂದು ಮನೆ ಹೇಳಿದ್ದನ್ನು ಇನ್ನೊಂದು ಮನೆ ಹೇಳುವುದಿಲ್ಲ, ಒಂದೇ ಮನೆಯಲ್ಲಿ ಗಂಡ ಏರಿಗೆಳೆದರೆ ಹೆಂಡತಿ ನೀರಿಗೆಳೆಯುತ್ತಾಳೆ. ಅದನ್ನೆಲ್ಲ ಯಾವ ಕಡತ ತಡೆದುಕೊಂಡೀತು? ಗೆರೆ ಎಳೆಯದೆ ಗುದ್ದಲಿ ಎತ್ತಬಾರದೆಂಬುದು ಆ ಕಚೇರಿಯ ಹಳೇ ಪದ್ಧತಿ. ಚರಂಡಿಯಾಗಲಿ ಚೌಕವಾಗಲಿ, ಮೊದಲು ನೆಲದ ಮೇಲೆ ನಿಜವಾದ ಅಳತೆಗೆ ಬರೆದು, ಅದರೊಳಗೆ ಜನ ಓಡಾಡಿ ನೋಡಿದ ಮೇಲೆಯೇ ಒಪ್ಪಿಗೆ. ಹಾಗಾಗಿ ಮೂರನೇ ಮಹಡಿಯ ದಾಖಲೆ ಕೋಣೆಯನ್ನು ಖಾಲಿ ಮಾಡಿಸಿ, ನೆಲದ ಮೇಲೆ ಬಿಳಿ ಬಣ್ಣದಲ್ಲಿ ಇಡೀ ಒಂದು ಮನೆ ಬರೆಸಿ, ಅದರಲ್ಲಿ ಇರುವುದಕ್ಕೆ ಅಪ್ಪ ಒಂದು, ಅಮ್ಮ ಒಂದು, ಮಗು ಒಂದು ಎಂದು ಮೂರು ಹುದ್ದೆ ಮಂಜೂರು ಮಾಡಿದರು. ಅಮ್ಮನ ಹುದ್ದೆಗೆ ಕಂದಾಯ ವಿಭಾಗದ ಮೇಡಂ ಬಂದರು. ಮಗುವಿನದೇ ಪೇಚಾಟ. ಹದಿನೆಂಟು ತುಂಬದವರನ್ನು ಕೆಲಸಕ್ಕೆ ತೆಗೆದುಕೊಂಡರೆ ಅಪರಾಧ, ನೌಕರರ ಮಕ್ಕಳನ್ನು ಕರೆತಂದರೆ ಪಕ್ಷಪಾತ. ಖಾಲಿ ಬಿದ್ದ ಹುದ್ದೆಯ ಪ್ರಭಾರವನ್ನು ಇರುವವರಲ್ಲೇ ಒಬ್ಬರ ಕೊರಳಿಗೆ ಕಟ್ಟುವುದು ಅಲ್ಲಿಯ ಚಾಳಿ. ಹಿಂದೊಮ್ಮೆ ಉದ್ಯಾನದ ಮೇಲ್ವಿಚಾರಕ ಆರು ತಿಂಗಳು ಹೆರಿಗೆ ಆಸ್ಪತ್ರೆಯ ಪ್ರಭಾರದಲ್ಲಿದ್ದ, ಅದರಿಂದ ಒಂದು ಹೆರಿಗೆಯೂ ನಿಲ್ಲಲಿಲ್ಲ. ಇಡೀ ಕಚೇರಿಗೆ ಕುಳ್ಳಗಿದ್ದವರು ಟಪಾಲು ಗುಮಾಸ್ತರು. ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಒಂದೂವರೆ ತಿಂಗಳೂ ಇರಲಿಲ್ಲ. ಅವರನ್ನೇ ಪ್ರಭಾರ ಮಗು ಮಾಡಿದರು.

ಬೆಳಿಗ್ಗೆ ಮಗಳು, "ಅಪ್ಪಾ, ಸ್ವಲ್ಪ ಆಚೆ ಇರು," ಎಂದಿದ್ದಳು. ಒಂದು ವರ್ಷದಿಂದ ದಿನಾ ಇದೇ ಪಾಡು. ಒಂದೇ ಕೋಣೆಯ ಮನೆ, ಅದರ ಮೂಲೆಯಲ್ಲೇ ಒಲೆ. ಮಂಚಕ್ಕೂ ಬೀರುವಿಗೂ ನಡುವಿನ ಎರಡೂವರೆ ಅಡಿಯಲ್ಲಿ ಹಾಸಿಕೊಂಡು ಮಲಗುವ ಹುಡುಗಿ ಸಮವಸ್ತ್ರ ಹಾಕಿಕೊಳ್ಳಬೇಕೆಂದರೆ ಅಪ್ಪ ಆಚೆ ಹೋಗಬೇಕು. ಅವನು ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು ಕಾರಿಡಾರಿನಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಎದುರು ಮನೆಯವನು ದಿನಾ ಅದೇ ಹೊತ್ತಿಗೆ ಬಾಗಿಲು ತೆಗೆದು, "ಏನ್ ಸ್ವಾಮಿ, ಇವತ್ತೂ ಆಚೆ ಹಾಕಿದ್ರಾ?" ಎಂದು ಹಲ್ಲು ಕಿರಿಯುತ್ತಾನೆ. ಬಾಯ ತುಂಬ ನೊರೆ ಇರುವಾಗ ಮನುಷ್ಯ ಏನು ತಾನೇ ಉತ್ತರ ಕೊಡಬಲ್ಲ? ತಲೆ ಆಡಿಸುತ್ತಾನೆ. ಏಳು ವರ್ಷ ಮನೆ ಹಂಚಿಕೆಯ ಪಟ್ಟಿಯಲ್ಲಿ ಕಾದ ಮೇಲೆ ಕಳೆದ ವರ್ಷ ಡಿಪೋ ಜಾಗದ ಮನೆಗಳಲ್ಲಿ ಅವರಿಗೊಂದು ನಂಬರು ಬಂದಿತ್ತು. ದೊಡ್ಡ ಮಲಗುವ ಕೋಣೆ ಒಂದು, ಚಿಕ್ಕದು ಒಂದು. ಆ ಚಿಕ್ಕ ಕೋಣೆಯನ್ನು ಬರೆದವನೂ ಅವನೇ. ಎಂಟಡಿಗೆ ಒಂಬತ್ತಡಿ. ಕೂತ ಮಗುವಿಗೂ ಆಚೆ ಕಾಣಲಿ ಎಂದು ಕಿಟಕಿಯನ್ನು ಯಾರಿಗೂ ಹೇಳದೆ ಅರ್ಧ ಅಡಿ ಕೆಳಗೆ ಇಳಿಸಿದ್ದ. ಸೇವೆಯಲ್ಲಿ ಅವನು ಮಾಡಿದ ಒಂದೇ ಒಂದು ಅಕ್ರಮ ಅದು. "ಬಾಗಿಲು ಒಳಗಡೆ ತೆಗೆಯುತ್ತಾ, ಆಚೆಗಾ?" ಎಂದು ಈ ವಾರದ ಮೊದಲಲ್ಲಿ ಮಗಳು ಕೇಳಿದ್ದಳು. "ಒಳಗಡೆ. ಚಿಲಕನೂ ನಿನ್ನ ಕಡೆನೇ." ಅವಳು ಗಾಳಿಯಲ್ಲೇ ಒಂದು ಚಿಲಕ ಹಾಕಿ ನೋಡಿದಳು. ಆಮೇಲೆ, "ಒಂದು ಸಲ ತೋರಿಸು," ಎಂದಳು. ಆಗುವುದಿಲ್ಲಮ್ಮ, ನೌಕರರ ಸ್ವಂತದವರು ಆ ಮನೆಯೊಳಗೆ ಬಂದದ್ದು ಗೊತ್ತಾದರೆ ಮೂರು ವಾರದ ದಾಖಲೆ ರದ್ದು, ನಮ್ಮ ನಂಬರೂ ರದ್ದು ಎಂದು ಅವನು ನಿಯಮವನ್ನು ಬಿಡಿಸಿ ಹೇಳಿದ. "ಹಾಗಾದ್ರೆ ನನ್ನ ರೂಮಲ್ಲಿ ಈಗ ಯಾರಿರ್ತಾರೆ?" ಎಂದಳು. "ಯಾರೂ ಇರಲ್ಲ," ಎಂದ. ಅದು ನಿಜವಾಗಿತ್ತು, ಎಡವಟ್ಟು ಆಗಿದ್ದೂ ಅಲ್ಲೇ.

ಯಾಕೆಂದರೆ ಕುಟುಂಬದ ವೇಳೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆ. ಯೋಜನಾಧಿಕಾರಿಗಳು, ಅಂದರೆ ಅವನ ಸಾಹೇಬರು, ಬಿಳಿ ಗೆರೆಯಾಚೆ ಚಕ್ರದ ಕುರ್ಚಿ ಹಾಕಿಕೊಂಡು, ಪ್ರತಿ ಕಾಲು ಗಂಟೆಗೊಮ್ಮೆ ಯಾವ ಕೋಣೆಯಲ್ಲಿ ಎಷ್ಟು ಜನ ಇದ್ದಾರೆಂದು ನೋಡಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದರು. ಒಂದು ಸುಳ್ಳು ಗೀಟು ಎಳೆದವರಲ್ಲ. ಕೆಮ್ಮು ಬಂದರೆ ಕೆಮ್ಮಿ ಮುಗಿಸಿ ಆಮೇಲೆ ಬರೆಯುವವರು. ಕಂದಾಯದ ಮೇಡಂ ಮೊದಲ ದಿನವೇ, "ಮನೇಲೂ ಒಲೆ ಮುಂದೆ ನಿಲ್ಲು, ಆಫೀಸಲ್ಲೂ ನಿಲ್ಲು ಅಂದ್ರೆ ನನ್ನ ಕೈಲಾಗಲ್ಲ," ಎಂದು ತಮ್ಮ ಕಡತಗಳ ಸಮೇತ ಬಾಲ್ಕನಿಯಲ್ಲಿ ಕೂತವರು ಮೂರು ವಾರ ಅಲ್ಲಿಂದ ಕದಲಲಿಲ್ಲ. ಗುಮಾಸ್ತರು ಹಜಾರದಲ್ಲಿ ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದರು. ಅವನು ಹಜಾರದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಜಾರಕ್ಕೆ ಓಡಾಡುತ್ತಿದ್ದ. ಲೆಕ್ಕ ತೆಗೆದಾಗ, ಕುಟುಂಬವೆಂಬುದು ಹೆಚ್ಚಾಗಿ ಬಾಲ್ಕನಿಯಲ್ಲಿ ಬದುಕುತ್ತದೆಂದೂ ಮಲಗುವ ಕೋಣೆಗಳು ಅದಕ್ಕೆ ಬೇಡವೆಂದೂ ಸಾಬೀತಾಯಿತು. ಎರಡು ಕೋಣೆಗೂ ದುಂಡನೆಯ ಸೊನ್ನೆ. ಬಾಲ್ಕನಿಯನ್ನು ದುಪ್ಪಟ್ಟು ಮಾಡಿ, ಮಲಗುವ ಕೋಣೆಗಳ ಗೋಡೆ ತೆಗೆದು ನಕ್ಷೆ ತಿದ್ದಿ, ಶನಿವಾರ ಮೂರು ಗಂಟೆಗೆ ವಸತಿ ಸಮಿತಿಯ ಮುಂದೆ ಇಡಿ ಎಂದು ಸಾಹೇಬರು ಶುಕ್ರವಾರ ಅವನಿಗೇ ಹೇಳಿದರು.

"ಸರ್, ಜನ ಮಲಗೋದು ರಾತ್ರಿ," ಎಂದ ಅವನು.

"ಅದು ನನಗೆ ಗೊತ್ತಿಲ್ವೇನ್ರೀ? ನಾನೂ ರಾತ್ರಿನೇ ಮಲಗೋದು. ಆದ್ರೆ ಪುಸ್ತಕದಲ್ಲಿ ಎಲ್ಲಿದೆ?"

"ರಾತ್ರಿ ನಾವು ನೋಡೇ ಇಲ್ವಲ್ಲ ಸರ್."

"ನೋಡದೇ ಇರೋದನ್ನ ಹೇಗ್ರೀ ಬರೀಲಿ? ಮನುಷ್ಯನಿಗೆ ಆತ್ಮಸಾಕ್ಷಿ ಅನ್ನೋದು ಬೇಡ್ವಾ?"

ರಾತ್ರಿಪಾಳಿಯ ಮಾತು ಹಿಂದೊಮ್ಮೆ ಬಂದಾಗ ಕಂದಾಯದ ಮೇಡಂ ಸಾಹೇಬರನ್ನು ಒಂದು ಸಲ ನೋಡಿದ್ದರು, ಅಷ್ಟೇ. ಆ ಮಾತು ಅಲ್ಲಿಗೇ ಸತ್ತಿತ್ತು. ಅವನು ಕಂಪ್ಯೂಟರಿನ ಮುಂದೆ ಕೂತು ಚಿಕ್ಕ ಕೋಣೆಯ ಗೋಡೆಯನ್ನು ಆರಿಸಿ ಗುಂಡಿ ಒತ್ತಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಜ್ಜುವ ಕಷ್ಟವೂ ಇಲ್ಲ, ಉಜ್ಜಿದ ಗುರುತೂ ಇಲ್ಲ. ಸಂಜೆ ಹೆಂಡತಿ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಬಾಗಿಲಲ್ಲಿ ಎಲ್ಲ ಹೇಳಿಬಿಟ್ಟ. ಅವಳು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಕೇಳಿಸಿಕೊಂಡಳು. "ಮೂರು ವಾರ ನೀವೂ ಅಲ್ಲೇ ಇದ್ರಲ್ಲ. ಒಂದು ಸಲ ಆ ರೂಮಿಗೆ ಹೋಗಿ ನಿಂತ್ಕೊಂಡಿದ್ರೂ ಆಗ್ತಿತ್ತಲ್ರೀ." ಅವನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಯಾಕೆ ಹೋಗಲಿಲ್ಲ ಎಂದು ಹೇಳಿದ್ದರೆ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ. ಆ ಕೋಣೆಯ ಗೆರೆಯ ಹತ್ತಿರ ಬಂದಾಗಲೆಲ್ಲ, ಇದು ಅವಳ ರೂಮು, ಕೇಳದೆ ಹೋಗಬಾರದು ಎನ್ನಿಸಿ, ಬಳಸಿಕೊಂಡು ಹೋಗುತ್ತಿದ್ದ. ಮೂರು ವಾರ ದಿನಕ್ಕೆ ಮೂವತ್ತು ಸಲ ಬಳಸಿದ್ದ. ಹಾಗೆ ಬಳಸುವಾಗ, ಥೂ, ನಾಚಿಕೆಯಾಗಬೇಕು, ತಾನು ಎಂಥ ಒಳ್ಳೆಯ ಅಪ್ಪ ಎಂದು ಒಳಗೊಳಗೇ ಖುಷಿಯೂ ಪಟ್ಟಿದ್ದ. "ಅವಳಿಗೆ ನೀವೇ ಹೇಳಿ, ನಾನು ಹೇಳಲ್ಲ," ಎಂದು ಹೆಂಡತಿ ಒಳಗೆ ಹೋದಳು. ಅವನೂ ಹೇಳಲಿಲ್ಲ. ಈ ದಿನ, ಶನಿವಾರ, ಬೆಳಿಗ್ಗೆ ಮಗಳು ಆಚೆ ಇರು ಎಂದಾಗ, ಇನ್ನೊಂದೆರಡು ವರ್ಷ ತಾನೇ ಎಂಬ ಸಲಿಗೆ ಅವಳ ದನಿಯಲ್ಲಿತ್ತು.

ಮೂರನೇ ಮಹಡಿಗೆ ಬಂದಾಗ ಗುಮಾಸ್ತರು ಆಗಲೇ ಮನೆಯ ಬಾಗಿಲೆಂದು ಬರೆದ ಜಾಗದಲ್ಲಿ ಕಾಯುತ್ತಿದ್ದರು. "ಬನ್ನಿ ಬನ್ನಿ, ಹತ್ತೂವರೆ ಆಯ್ತು. ಇನ್ಮೇಲೆ ನನ್ನ ನೀನು ಅನ್ನಿ," ಎಂದರು. ಇದು ದಿನಾ ಇದ್ದದ್ದೇ. ತನಗಿಂತ ಅಷ್ಟು ದೊಡ್ಡವರನ್ನು ಏಕವಚನದಲ್ಲಿ ಕರೆಯಲು ಅವನಿಗೆ ನಾಲಗೆ ಹೊರಳುತ್ತಿರಲಿಲ್ಲ. ಕರೆಯದಿದ್ದರೆ ಅವರಿಗೆ ಬೇಜಾರು. "ಏನೋ, ತಿಂಡಿ ಆಯ್ತಾ?" ಎಂದ. "ಆಯ್ತಪ್ಪ," ಎಂದು ಗುಮಾಸ್ತರ ಮುಖ ಅರಳಿತು. ಮೊದಮೊದಲು ಈ ಪ್ರಭಾರ ಅವರಿಗೂ ಮುಜುಗರವೇ ಆಗಿತ್ತು. ಬರಬರುತ್ತ ಅವರಿಗೆ ಅದು ಹಿಡಿಸಿತ್ತು. ಅಂಟಿನ ಬಾಟಲಿ ಉರುಳಿಸಿ, "ನಾನಲ್ಲ," ಎನ್ನುತ್ತಿದ್ದರು. ಅವನು ಗದರಿದರೆ ಕಣ್ಣು ಕೆಳಗೆ ಹಾಕುತ್ತಿದ್ದರು, ಊಟದ ಡಬ್ಬಿಯಲ್ಲಿ ತನ್ನ ಪಾಲಿನದನ್ನು ಸ್ವಲ್ಪ ಹಾಕಿದರೆ ಮತ್ತೆ ಸರಿಹೋಗುತ್ತಿದ್ದರು. ಒಂದು ದಿನ ಅವರ ಶರ್ಟಿನ ಗುಂಡಿ ತಪ್ಪಿ ಹಾಕಿದ್ದನ್ನು ಕಂಡು ಅವನು ಮಾತಾಡುತ್ತ ಮಾತಾಡುತ್ತಲೇ ಸರಿಮಾಡಿಬಿಟ್ಟಿದ್ದ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದು ನೆನಪಾಗಿ, ಮಗಳಿಗೆ ತಾನು ಒಂದು ಗುಂಡಿಯನ್ನಾದರೂ ಹಾಕಿದ್ದೆನೇ ಎಂದು ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಬೇರೆ. ಮೂರು ವರ್ಷದವಳಿದ್ದಾಗ ಅವಳಿಗೆ ಜ್ವರ. ಇವನು ಮನೆಗೆ ತಂದಿದ್ದ ಯಾವುದೋ ಚರಂಡಿಯ ನಕ್ಷೆಯಿಂದ ತಲೆ ಎತ್ತದೆ, "ಸ್ವಲ್ಪ ಸುಮ್ನಿರಿಸೇ ಅವಳನ್ನ," ಎಂದಿದ್ದ. ಆ ಚರಂಡಿಯನ್ನು ಆಮೇಲೆ ಕಟ್ಟಲೂ ಇಲ್ಲ.

ಹೆಂಡತಿಯ ಮಾತು ಚುಚ್ಚಿಕೊಂಡೇ ಇತ್ತು. ಹನ್ನೊಂದು ಗಂಟೆಗೆ ಅವನು ಎದೆ ಗಟ್ಟಿಮಾಡಿಕೊಂಡು, ಸಾಹೇಬರ ಕಣ್ಣೆದುರಿಗೇ, ಇಷ್ಟು ದಿನ ಬಳಸಿ ಹೋಗುತ್ತಿದ್ದ ಗೆರೆಯನ್ನು ದಾಟಿ ಚಿಕ್ಕ ಕೋಣೆಯ ಬರಿನೆಲದ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದ. ಚಕ್ರದ ಕುರ್ಚಿ ಕಿರ್ರೆನ್ನುತ್ತ ಹತ್ತಿರ ಬಂತು.

"ಏನ್ರೀ ಇದು, ಮಲಗಿದ್ದೀರೋ, ಬಿದ್ದಿದ್ದೀರೋ?"

"ಮಲಗಿದ್ದೀನಿ ಸರ್."

"ನಿದ್ದೆ ಬಂದಿದೆಯೇನ್ರೀ?"

"ಬಂದಿದೆ ಸರ್."

"ಬಂದವರು ಉತ್ತರ ಕೊಡಲ್ಲ." ಸಾಹೇಬರು ನಿಟ್ಟುಸಿರು ಬಿಟ್ಟರು. "ನೋಡ್ರೀ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಸುಮ್ನೆ ಬಿದ್ಕೊಂಡ್ರೆ ಅದು ಮಲಗೋ ಕೋಣೆ ಆಗಲ್ಲ, ನೆಲ ಆಗುತ್ತೆ. ಯಾರಾದ್ರೂ ನಿಜವಾಗ್ಲೂ ನಿದ್ದೆ ಮಾಡಿದ್ರೆ ಗೀಟು ಹಾಕ್ತೀನಿ. ಜೊತೆಗೆ ಕೆಲಸದ ವೇಳೇಲಿ ನಿದ್ದೆ ಮಾಡಿದ್ದಕ್ಕೆ ಮೆಮೊನೂ ಕೊಡ್ತೀನಿ. ಎರಡೂ ನನ್ನ ಕರ್ತವ್ಯನೇ."

ಅವನು ಮತ್ತೆ ಒಂದು ಗಂಟೆ ಬಿದ್ದುಕೊಂಡ. ಮೆಮೊ ಬರಲಿ, ಅದರ ಅಪ್ಪ ಬರಲಿ ಎಂದೇ ಬಿದ್ದುಕೊಂಡಿದ್ದ. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಮನಸ್ಸು ಕೋಣೆಯನ್ನು ಅಳೆಯುತ್ತಿತ್ತು: ಇಲ್ಲಿ ಅವಳ ಮಂಚ, ಅಲ್ಲಿ ಮೇಜು, ಈ ಕಡೆ ಬಾಗಿಲು, ಚಿಲಕ ಒಳಗೆ. ನಡುನಡುವೆ ಕಣ್ಣು ತೆರೆದರೆ ಗೋಡೆ ಇಲ್ಲದ ಕಡೆಯಿಂದ ಕಂದಾಯದ ಮೇಡಂ ಬಾಲ್ಕನಿಯಿಂದಲೇ ಅವನನ್ನು ನೋಡುತ್ತಿದ್ದರು. ಅವರಿಗೆ ಎಲ್ಲವೂ ಗೊತ್ತಿತ್ತು. ಅವನ ಮಗಳನ್ನು ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಡು ಮಾತಾಡಿಸಿಯೂ ಇದ್ದರು. "ಏಳಿ, ಬೆನ್ನಿಗೆ ಶೀತ ಆಗುತ್ತೆ," ಎಂದರು. ಎದ್ದು ಬೆನ್ನು ಕೊಡವಿಕೊಳ್ಳುವಾಗ ಅವನಿಗೆ ಅಳುವೇ ಬಂದಂತಾಯಿತು. ಒಂದು ನಿದ್ದೆ ಮಾಡಲಾಗದವನು ಎಂಥ ಅಪ್ಪ?

ಊಟದ ಹೊತ್ತಿನಲ್ಲಿ ಗುಮಾಸ್ತರು ತಾವಾಗಿ ಆ ಮಾತೆತ್ತಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು, ಕೇಳಿದವನು ಅವನೇ. ಎರಡು ತುತ್ತು ತಿಂದು, ನೀರು ಕುಡಿದು, ಆ ಕಡೆ ಈ ಕಡೆ ನೋಡಿ, "ಊಟ ಆದ್ಮೇಲೆ ನಿಮಗೆ ನಿದ್ದೆ ಬರುತ್ತಾ?" ಎಂದ. ನೀನು ಎನ್ನಲು ಆಗಲಿಲ್ಲ. ಗುಮಾಸ್ತರು ಡಬ್ಬಿಯ ಮುಚ್ಚಳವನ್ನು ಮೂರು ಸಲ ತಿರುಗಿಸಿ ಹಾಕಿದರು. "ನನಗಿನ್ನು ಇಪ್ಪತ್ತು ದಿನ ಇದೆ," ಎಂದರು. "ಮೂವತ್ತೇಳು ವರ್ಷದಲ್ಲಿ ಒಂದು ಮೆಮೊ ಇಲ್ಲ. ಒಂದು ಟಪಾಲು ತಪ್ಪಿಸಿಲ್ಲ." ಅವನು ತಲೆ ತಗ್ಗಿಸಿ, "ಗೊತ್ತು, ಬಿಡಿ, ಕೇಳಬಾರದಿತ್ತು," ಎಂದ. ಬಿಡಿ ಎಂದನೇ ಹೊರತು ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದ. ಹಾಗೆ ಕೂತಿರುವುದು ಇನ್ನೊಂದು ಸಲ ಕೇಳಿದ ಹಾಗೆಯೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುಮಾಸ್ತರು ಕೈ ತೊಳೆದು ಬಂದು ಚಿಕ್ಕ ಕೋಣೆಯ ಗೆರೆಯ ಹತ್ತಿರ ನಿಂತರು. "ನಾನು ಬೆಳೆದದ್ದು ಮಾವನ ಮನೇಲಿ. ಬುದ್ಧಿ ಬಂದಾಗಿಂದ ಬಾಗಿಲ ಹತ್ರಾನೇ ನನ್ನ ಹಾಸಿಗೆ. ಬರೋರು ಹೋಗೋರು ಎಲ್ಲ ದಾಟ್ಕೊಂಡು ಹೋಗೋರು. ಅದಕ್ಕೇ ನಾನು ಉದ್ದ ಆಗ್ಲಿಲ್ಲ ಅಂತ ನಮ್ಮತ್ತೆ ತಮಾಷೆ ಮಾಡೋರು." ಇಷ್ಟು ಹೇಳಿ ಚಪ್ಪಲಿ ಬಿಟ್ಟು, ಬಾಗಿಲಿನ ಜಾಗದಿಂದಲೇ ಒಳಗೆ ಹೋಗಿ, ಕಿಟಕಿಯ ಕಡೆ ತಲೆ ಮಾಡಿ ಮಲಗಿ, ಮಂಡಿ ಮಡಚಿಕೊಂಡರು. "ಮಕ್ಕಳಿಗೆ ಮಧ್ಯಾಹ್ನದ ನಿದ್ದೆ ಬೇಕು, ಅಲ್ವಾ ಅಪ್ಪಾ?"

ಮೊದಲು ಅವರಿಗೂ ಬರಲಿಲ್ಲ. ಎರಡೂವರೆಯಾಯಿತು, ಎರಡು ಮುಕ್ಕಾಲಾಯಿತು. ಅವನು ಪಕ್ಕದಲ್ಲಿ ಕೂತು, ತನಗೇ ತಿಳಿಯದ ಹಾಗೆ ಅವರ ಭುಜದ ಮೇಲೆ ಮೆಲ್ಲಗೆ ತಟ್ಟತೊಡಗಿದ. ಸವೆದ ಶರ್ಟಿನ ಒಳಗೆ ಮೂಳೆ ಕೈಗೆ ಸಿಗುತ್ತಿತ್ತು. ತಟ್ಟುವ ಗತಿ ಕೈಗೆ ತಾನಾಗಿ ಬಂತು. ಎಲ್ಲಿತ್ತೋ ಇಷ್ಟು ದಿನ! 'ಮಲಗಪ್ಪ, ಮಲಗು' ಎಂದು ಬಾಯಿ ಕೂಡ ಗೊಣಗುತ್ತಿತ್ತು. ಅದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಆ ಗೀಟಿನ ಆಸೆ ಎಂದು ಯಾರಾದರೂ ಕೇಳಿದ್ದರೆ ಅವನು ಬೆವರುತ್ತಿದ್ದ. ಗುಮಾಸ್ತರ ಬಾಯಿ ಸ್ವಲ್ಪ ತೆರೆದುಕೊಂಡಿತು. ಉಸಿರು ಉದ್ದವಾಯಿತು. ಆಮೇಲೆ ಗೊರಕೆ, ಸಣ್ಣದು, ಯಾರಿಗೂ ತೊಂದರೆ ಕೊಡದಂಥದ್ದು. ಬಂತು, ಬಂತು ಎಂದುಕೊಂಡ. ತಟ್ಟುವುದನ್ನು ನಿಲ್ಲಿಸದೆ ಮುಖ ಎತ್ತಿದ. ಗೆರೆಯಾಚೆ, ಹತ್ತು ಅಡಿ ದೂರದಲ್ಲಿ, ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಮಗಳು ನಿಂತಿದ್ದಳು.

ಶನಿವಾರ ಅರ್ಧ ದಿನದ ಶಾಲೆ. ನೋಡಲೇಬೇಕೆಂದು ಒಬ್ಬಳೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು, ಕೆಳಗೆ ಯಾರನ್ನೋ ಕೇಳಿ ಮೇಲೆ ಬಂದಿದ್ದಳು. ಅವಳು ಮೊದಲು ನೋಡಿದ್ದು ನೆಲದ ಮೇಲೆ ಬರೆದ ಕಿಟಕಿಯನ್ನು. ಆಮೇಲೆ ಬಾಗಿಲು. ಆಮೇಲೆ ತನ್ನ ಕೋಣೆಯಲ್ಲಿ ಮಲಗಿದ್ದ ನರೆತ ತಲೆಯ ಮುದುಕರನ್ನು, ಅವರ ಭುಜದ ಮೇಲಿದ್ದ ಅಪ್ಪನ ಕೈಯನ್ನು. ಆ ಕೈಯನ್ನೇ ಬಹಳ ಹೊತ್ತು ನೋಡಿದಳು. ಅವಳು ಬಾಯಿ ತೆರೆಯುವುದಕ್ಕೂ ಅವನ ಇನ್ನೊಂದು ಕೈ ತಾನಾಗಿ ಮೇಲೆದ್ದು ತುಟಿಗೆ ಬೆರಳಿಡುವುದಕ್ಕೂ ಸರಿಹೋಯಿತು. ಶ್! ಮಗಳಿಗೆ ಅವನು ಅಷ್ಟೇ ಹೇಳಿದ್ದು. ಹೇಳಿದ ಮರುಕ್ಷಣವೇ ಆ ಬೆರಳು ಕತ್ತರಿಸಿಹೋಗಬಾರದೇ ಎನ್ನಿಸಿತು. ಆದರೆ ಬೆರಳು ತುಟಿಯ ಮೇಲೆ ಇದ್ದೇ ಇತ್ತು.

"ಏಳಿಸ್ರೀ ಅವರನ್ನ!" ಸಾಹೇಬರ ಕುರ್ಚಿ ಉರುಳಿಕೊಂಡು ಬಂತು. ಒಂದು ಕೈಯಲ್ಲಿ ವೀಕ್ಷಣೆಯ ಪುಸ್ತಕ, ಇನ್ನೊಂದರಲ್ಲಿ ಮೆಮೊ ಪುಸ್ತಕ. "ನಿಜವಾಗ್ಲೂ ನಿದ್ದೆ ಮಾಡಿಬಿಟ್ಟಿದ್ದಾರಲ್ರೀ! ಸಮಿತಿಯವರು ಮೆಟ್ಟಿಲು ಹತ್ತುತ್ತಾ ಇದ್ದಾರೆ—" ಅವರು ಆಗಲೇ ಹತ್ತಿ ಬಂದಾಗಿತ್ತು. ಮುಂದೆ ಸಮಿತಿಯ ಅಧ್ಯಕ್ಷೆ, ದಪ್ಪ ಕನ್ನಡಕದ ಭಾರಿ ಹೆಂಗಸು, ಕೈಯಲ್ಲಿ ತಿದ್ದಿದ ನಕ್ಷೆಯ ಪ್ರತಿ, ಹಿಂದೆ ಆರು ಜನ ಸದಸ್ಯರು. ಎಲ್ಲರೂ ಜೋರಾಗಿ ವಾಹನ ನಿಲುಗಡೆಯ ವಿಷಯ ಮಾತಾಡುತ್ತ ಬಂದವರು, ನೆಲದ ಮೇಲೆ ಒಬ್ಬರು ಮುದುಡಿ ಮಲಗಿದ್ದನ್ನು, ಒಬ್ಬ ತಟ್ಟುತ್ತ ಕೂತಿದ್ದನ್ನು ಕಂಡು ಗಪ್ಪನೆ ಬಾಯಿ ಮುಚ್ಚಿದರು. ಯಾಕೋ ಏನೋ, ಅಧ್ಯಕ್ಷೆ ಬಗ್ಗಿ ಚಪ್ಪಲಿ ಬಿಟ್ಟರು. ಅವರು ಬಿಟ್ಟದ್ದನ್ನು ನೋಡಿ ಆರೂ ಜನ ಬಿಟ್ಟರು. ಬೆರಳ ತುದಿಯ ಮೇಲೆ ನಡೆದು ಹಜಾರಕ್ಕೆ ಬಂದು, ಚಿಕ್ಕ ಕೋಣೆಯ ಗೆರೆಯ ಹತ್ತಿರ ಅರ್ಧಚಂದ್ರಾಕಾರವಾಗಿ ನಿಂತರು. ಒಬ್ಬರೂ ಗೆರೆ ತುಳಿಯಲಿಲ್ಲ.

"ಯಾರಿದು ಮಲಗಿರೋದು?" ಎಂದು ಅಧ್ಯಕ್ಷೆ ಪಿಸುಗುಟ್ಟಿದರು.

ಟಪಾಲು ಗುಮಾಸ್ತರು ಎಂದರೆ ನಿವೃತ್ತಿಗೆ ಇಪ್ಪತ್ತು ದಿನ ಇರುವಾಗ ಅವರ ಮೂವತ್ತೇಳು ವರ್ಷದ ಸೇವೆಗೆ ಮಸಿ. ಸುಮ್ಮನಿದ್ದರೆ ಸಾಹೇಬರು ಹೇಳುತ್ತಾರೆ, ಅವರು ಸುಳ್ಳು ಹೇಳಿದವರಲ್ಲ. ಗೆರೆಯಾಚೆ ಮಗಳು ಅಲ್ಲೇ ನಿಂತಿದ್ದಾಳೆ. ಅತ್ತ ದರಿ, ಇತ್ತ ಪುಲಿ. "ನನ್ನ ಮಗು ಮೇಡಂ," ಎಂದ ಅವನು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ. "ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗುತ್ತೆ."

ಅಧ್ಯಕ್ಷೆ ನರೆತ ತಲೆಯನ್ನು ನೋಡಿದರು, ಅವನ ಮುಖ ನೋಡಿದರು, ಮತ್ತೆ ತಲೆ ನೋಡಿದರು. ಸಾಹೇಬರು, "ಅದು ಹಾಗಲ್ಲ ಮೇಡಂ, ಇವರು ಪ್ರಭಾರದಲ್ಲಿ—" ಎಂದು ಶುರುಮಾಡಿದರು. ಬಾಲ್ಕನಿಯಿಂದ ಕಂದಾಯದ ಮೇಡಂ ಮೂರು ವಾರದಲ್ಲಿ ಮೊದಲ ಸಲ ಎದ್ದು ಬಂದರು. "ಪ್ರಭಾರವೋ ಗಿಭಾರವೋ, ಆದೇಶದಲ್ಲಿ ಮಗು ಅಂತಾನೇ ಇದೆ. ಮಗು ಮಲಗಿದ್ರೆ ಮೆಮೊ ಯಾರಿಗೆ ಕೊಡ್ತೀರಿ ಸರ್? ಮೆತ್ತಗೆ ಮಾತಾಡಿ, ಎದ್ದುಬಿಡುತ್ತೆ," ಎಂದರು. ಸಾಹೇಬರು ಆದೇಶವನ್ನು ಮನಸ್ಸಿನಲ್ಲೇ ಓದಿಕೊಂಡರು. ಇತ್ತು, ಹಾಗೇ ಇತ್ತು. ಮೆಮೊ ಪುಸ್ತಕ ಕೆಳಗಿಟ್ಟು, ಗಡಿಯಾರ ನೋಡಿ, ಚಿಕ್ಕ ಕೋಣೆಯ ಸಾಲಿನಲ್ಲಿ ಒಂದು ಗೀಟು ಎಳೆದರು. "ನೋಡಿ, ಎಷ್ಟು ಗಲಾಟೆ ಇದೆ ಇಲ್ಲಿ," ಎಂದು ಅಧ್ಯಕ್ಷೆ ಸದಸ್ಯರ ಕಡೆ ತಿರುಗಿ ಪಿಸುದನಿಯಲ್ಲೇ ಗದರಿಸಿದರು. "ಪಾಪ, ಮಗು ಮಲಗೋಕೆ ಒಂದು ಗೋಡೆ ಇಲ್ಲ, ಬಾಗಿಲಿಲ್ಲ. ಯಾರ್ರೀ ಈ ರೂಮು ತೆಗೀರಿ ಅಂದದ್ದು? ಈ ರೂಮು ಇರಲೇಬೇಕು. ಬರ್ಕೊಳ್ಳಿ." ಆರು ಜನರೂ ಬೇಕು, ಬೇಕು ಎಂದು ತಲೆಯಾಡಿಸಿದರು. ಗುಮಾಸ್ತರು ಒಮ್ಮೆ ಮಗ್ಗುಲು ಬದಲಿಸಿದಾಗ ಎಲ್ಲರೂ ಉಸಿರು ಬಿಗಿಹಿಡಿದು, ಮತ್ತೆ ಗೊರಕೆ ಕೇಳಿದ ಮೇಲೆಯೇ ಬಿಟ್ಟರು. ಉಳಿಯಿತು, ಕೋಣೆ ಉಳಿಯಿತು ಎಂದು ಅವನಿಗೆ ಕಣ್ಣು ಮಂಜಾಯಿತು.

ಆಗ ಅಧ್ಯಕ್ಷೆಯ ಕಣ್ಣು ಮಗಳ ಮೇಲೆ ಬಿತ್ತು. "ಈ ಹುಡುಗಿ ಯಾರು?"

ಕಂದಾಯದ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು. ಸಾಹೇಬರು ಪುಸ್ತಕದಿಂದ ತಲೆಯೆತ್ತಿ, ಆತ್ಮಸಾಕ್ಷಿಯ ಕಣ್ಣುಗಳಿಂದ ಹುಡುಗಿಯನ್ನೂ ಅವನನ್ನೂ ನೋಡಿದರು. ಈಗ ಹೇಳಬೇಕು. ನನ್ನ ಮಗಳು ಎನ್ನಬೇಕು, ಎರಡೇ ಮಾತು, ಬಾಯಿ ತೆರೆದರೆ ಸಾಕು, ರೂಮು ಹೋದರೆ ಹಾಳಾಗಿ ಹೋಗಲಿ ಎಂದು ಅವನ ಒಳಗೆ ಯಾರೋ ಕೂಗಿಕೊಳ್ಳುತ್ತಿದ್ದರು. ಅವನು ಬಾಯಿ ತೆರೆದ. ನಾಲಗೆ ಏಳಲಿಲ್ಲ. ಏಳು ವರ್ಷದ ಪಟ್ಟಿ, ಕಾರಿಡಾರು, ಬಾಯ ತುಂಬ ನೊರೆ, ಎಲ್ಲ ಸೇರಿ ನಾಲಗೆಯ ಮೇಲೆ ಕೂತಿತ್ತು. ಮಗಳು ಅವನನ್ನು ಒಂದು ಸಲ ನೋಡಿದಳು. ಅವನು ಹೇಳಿಯಾನೆಂದು ಅವಳು ಕಾಯುತ್ತಿದ್ದದ್ದು ಅವನಿಗೆ ಗೊತ್ತಾಯಿತು, ಕಾದದ್ದು ಸಾಕು ಎಂದುಕೊಂಡದ್ದೂ ಗೊತ್ತಾಯಿತು.

"ನಾನು ಪಕ್ಕದ ಮನೆಯವಳು," ಎಂದಳು ಅಧ್ಯಕ್ಷೆಗೆ. "ಆಟಕ್ಕೆ ಕರೆಯೋಕೆ ಬಂದಿದ್ದೆ."

ಅಧ್ಯಕ್ಷೆಯ ಮುಖ ಊರಗಲವಾಯಿತು. "ನೋಡಿದ್ರಾ? ಮನೆ ಕಟ್ಟೋಕೆ ಮುಂಚೆನೇ ಪಕ್ಕದ ಮನೆ ಮಕ್ಕಳು ಬರ್ತಿದ್ದಾರೆ! ಕುಟುಂಬಸ್ನೇಹಿ ಅಂದ್ರೆ ಇದು! ಬರ್ಕೊಳ್ರೀ, ಇದನ್ನೂ ಬರ್ಕೊಳ್ಳಿ," ಎಂದು ಪಿಸುದನಿ ಮರೆತು ಹೇಳಿದರು. ಎಲ್ಲರೂ ಬರೆದುಕೊಂಡರು. ಸಾಹೇಬರು ಅತಿಥಿಗಳು ಎಂದು ಒಂದು ಹೊಸ ಸಾಲು ಹಾಕಿ ಅದರಲ್ಲಿ ಒಂದು ಗೀಟು ಎಳೆದರು.

ಮಗಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. ಹೊರಟವಳು ನಿಂತು ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಎದ್ದ ಮೇಲೆ ಹೇಳಿ ಅಂಕಲ್, ನಾನು ಬಂದಿದ್ದೆ ಅಂತ."

"ಆಗಲಮ್ಮ, ಹೇಳ್ತೀನಿ," ಎಂದ ಅವನು. ಪಕ್ಕದ ಮನೆಯ ಮಗುವಿಗೆ ಹೇಗೆ ಹೇಳುತ್ತಾರೋ ಹಾಗೇ ಬಂತು ದನಿ. ಒಂದಿಷ್ಟೂ ನಡುಗಲಿಲ್ಲ.